ಅಣ್ಣನ ಹೆಸರಿಗಿ ಎರಡು ಗೆರಿ

ಹೋದ ಐತವಾರ ಕಲಬುರ್ಗಿ ಬ್ರಹ್ಮಪುರದಾಗ ನಾ ಇರೋ ಖೋಲಿ ಮುಂದ ಒಬ್ಬಾಂವ ಬಂದು ನಿಂತ. ಬಗಲಾಗ ದೊಡ್ಡ ವಹಿ, ಕಿವಿ ಮ್ಯಾಲ ಪೆನ್ಸಿಲ್. ವೋಟಿನ ಲಿಸ್ಟ್ ಬರಿಯಾಕ ಬಂದೀನಿ ಅಂದ. ಹೊರಗ ಸಣ್ಣ ಮಳಿ ಹತ್ತಿತ್ತು. ಅಂವ ವಹಿ ಬಿಚ್ಚಿದ ಕೂಡ್ಲೆ ತೊಯ್ದ ಕಾಗದ, ಮಸಿ, ಛತ್ರಿ ಬಟ್ಟಿ ಎಲ್ಲಾ ಕೂಡಿ ಒಂದು ವಾಸನಿ ಬಂತು. ಅದು ನಂಗ ಗೊತ್ತಿರೋ ವಾಸನಿ. ಕಮಲಾಪುರದಾಗ ನಮ್ಮ ಮನಿ ಕಟ್ಟಿ ಮ್ಯಾಲ ಒಂದಿನ ಬಂದು ಕುಂತಿತ್ತು.

"ಮನ್ಯಾಗ ಎಷ್ಟ ಮಂದಿ ಅದೀರಿ?" ಅಂದ.

ಮಾತ ಸಣ್ಣದು. ಜವಾಬೂ ಸಣ್ಣದು. ಆದ್ರೂ ನನ್ನ ಬಾಯಿ ಏಳಲಿಲ್ಲ.

ನಾ ಗಂಜಿನ್ಯಾಗ, ಕಾಳಿನ ಪ್ಯಾಟ್ಯಾಗ, ಚೀಲ ಹೊರಾಂವ. ಸಾಲಿ ಕಲ್ತಿದ್ದು ಮೂರನೇ ಜಮಾತ್ ತನಕ, ಅದೂ ಉರ್ದು. ಕನ್ನಡ ಅಕ್ಷರ ತೊಗರಿ ಚೀಲದ ಮ್ಯಾಲಿನ ಹೆಸರ ನೋಡಿ ನೋಡಿ ಕಲ್ತೀನಿ. ಬಣ್ಣ ಹಚ್ಚಿ ಹೇಳೋದು ಬರಂಗಿಲ್ಲ, ಬ್ಯಾಡೂ ಬ್ಯಾಡ. ಆ ಒಂದು ವರ್ಷ ಆಗಿದ್ದು ಆದಂಗ ಹೇಳ್ತೀನಿ.

ನಮ್ಮವ್ವ ಅಪ್ಪ ಲಗೂನ ಹೋದ್ರು. ನನ್ನ ಸಾಕಿದ್ದು ನಮ್ಮಣ್ಣ ಮಲ್ಕಪ್ಪ. ನನಗಿಂತ ಹನ್ನೆರಡ ವರ್ಷ ದೊಡ್ಡಾಂವ. ಕಮಲಾಪುರದ ತ್ವಾಟದಾಗ ಕೆಂಪು ಬಾಳಿ ಗೊನಿ ಕಡದು, ಹೊತ್ತು, ಬಂಡಿ ತುಂಬೋದು ಅವನ ಕೆಲಸ. ಬಾಳಿ ಹಾಲು ಹತ್ತಿ ಅವನ ಅಂಗಿ ಹೆಗಲ ಮ್ಯಾಲ ಕರ್ರಗ ಆಗಿರ್ತಿತ್ತು. ಎಷ್ಟ ಒಗದ್ರೂ ಹೋಗ್ತಿದ್ದಿಲ್ಲ. ವೈನಿ, ಅಂದ್ರ ಅಣ್ಣನ ಹೆಂಡ್ತಿ, ಲಗ್ನ ಆಗಿ ಬಂದ ಮ್ಯಾಲ ಆ ಕಲೆ ತಿಕ್ಕಿ ತಿಕ್ಕಿ ಅಂಗಿನ ಹರೀತು, ಕಲೆ ಉಳೀತು. ಅಣ್ಣ ಅದಕ್ಕ ನಗ್ತಿದ್ದ.

ನಿಜಾಮನ ರಾಜ್ಯ ಹೋಗೋ ವರ್ಷ ಯಾರ ಬಾಗಲ ಯಾವಾಗ ಬಡೀತಾರ ಅನ್ನೋದು ಗೊತ್ತಿದ್ದಿಲ್ಲ. ಗಂಡಮಕ್ಕಳು ಗಡಿ ದಾಟಿ ಸೊಲ್ಲಾಪುರದ ಕಡಿ ಹೋಗ್ತಿದ್ರು. ಅಣ್ಣನೂ ಮೂರ ಮಂದಿ ಜೋಡಿ ಹೋದ. ಎಂಟ ದಿನದಾಗ ಬರ್ತೀನಿ ಅಂದ. ಆಮ್ಯಾಲ ಪೋಲಿಸ್ ಆಕ್ಷನ್ ಆತು. ಹುಮನಾಬಾದ ರಸ್ತಾದ ಮ್ಯಾಲ ಮಿಲಿಟ್ರಿ ಲಾರಿ ಹೋದ್ವು, ನಾಕೈದ ದಿನದಾಗ ಎಲ್ಲಾ ಮುಗೀತು. ಗಡಿ ದಾಟಿದವ್ರು ಒಬ್ಬೊಬ್ಬರ ತಿರುಗಿ ಬಂದ್ರು. ಅಣ್ಣನ ಜೋಡಿ ಹೋದ ಮೂವರೂ ಬಂದ್ರು. ಸೊಲ್ಲಾಪುರ ಟೇಶನ್ ದಾಗ ಗದ್ದಲದಾಗ ಕೈ ತಪ್ಪಿದ ಅಂದ್ರು. ಅದರ ಮುಂದಿಂದು ಅವರಿಗೂ ಗೊತ್ತಿದ್ದಿಲ್ಲ. ನಂಗ ಅವಾಗ ಹದಿನೈದು.

ಮೂರ ವರ್ಷ ಹೋತು. ಮನ್ಯಾಗ ನಾನು, ವೈನಿ. ಇಬ್ಬರೂ ಕೂಲಿಗಿ ಹೋಗೋದು, ಬರೋದು, ರೊಟ್ಟಿ ತಿನ್ನೋದು. ಮಾತ ಕಮ್ಮಿ. ಬಾಜೂ ಮನ್ಯಾಗ ಗುಂಡಪ್ಪ ಕಾಕಾ ಇದ್ದ, ನಮ್ಮಪ್ಪನ ತಮ್ಮ. ನಮ್ಮ ಮಂದ್ಯಾಗ ಗಂಡ ಸತ್ತ ಹೆಣ್ಣಮಗಳಿಗಿ ಉಡಕಿ ಮಾಡಿ ಮತ್ತೊಂದು ಮನಿ ಹತ್ತಿಸೋ ಪದ್ಧತಿ ಅದ. ಕಾಕಾ ತಿಂಗಳಿಗೊಮ್ಮೆ ಬಂದು ಅದನ್ನ ತೆಗೀತಿದ್ದ. ಇನ್ನ ಇಪ್ಪತ್ಮೂರ ವಯಸ್ಸ, ಯಾರ ಹಾದಿ ಕಾಯ್ತಿ ಅಂತಿದ್ದ. ವೈನಿ ಒಂದ ಮಾತ ಹೇಳ್ತಿದ್ದಳು: "ಅವ್ರು ಇದ್ದಾರ." ಅಷ್ಟ ಹೇಳಿ ಒಲಿ ಕಡಿ ತಿರುಗ್ತಿದ್ದಳು.

ಗಂಡನ ಹೆಸರ ಹೇಳಿದ್ರ ಗಂಡನ ಆಯುಷ್ಯ ಕಮ್ಮಿ ಆಗ್ತದ ಅಂತ ನಮ್ಮ ಹೆಣ್ಣಮಕ್ಕಳು ಹೇಳಂಗಿಲ್ಲ. ವೈನಿದು ಇನ್ನಷ್ಟ ಬಿಗಿ. ನಮ್ಮ ಓಣ್ಯಾಗ ಅಂಗಡಿ ಇಟ್ಟಾಂವನ ಹೆಸರೂ ಮಲ್ಕಪ್ಪ. ಆಕಿ ಅವನಿಗಿ 'ಉಪ್ಪಿನಾಂವ' ಅಂತಿದ್ದಳು. ಒಂದಿನ ಅಂವ ಚಾಷ್ಟಿ ಮಾಡ್ದ, ನನ್ನ ಹೆಸರ ಹೇಳಿದ್ರ ಬೆಲ್ಲ ಬಿಟ್ಟಿ ಕೊಡ್ತೀನಿ ಅಂತ. ವೈನಿ ಬೆಲ್ಲ ಅಲ್ಲೇ ಇಟ್ಟು ಬಂದಳು.

ಮಳಿಗಾಲದಾಗ ಖಾದರ್ ಮಾಸ್ತರ್ ಲಿಸ್ಟ್ ಬರಿಯಾಕ ಬಂದ್ರು. ಕಲಬುರ್ಗಿಯವ್ರು, ಮುದಿ ಸಾಲಿ ಮಾಸ್ತರ್. ನಮ್ಮ ಕಟ್ಟಿ ಮ್ಯಾಲ ಕುಂತು ಕೆಸರ ಚಪ್ಪಲಿ ಬಿಚ್ಚಿ, ವಹಿ ಒರಸಿ, ಮೊದಲ ನಂಗ ಪಾಠ ಹೇಳಿದ್ರು. ಇಷ್ಟ ದಿನ ನೀವು ರಿಯಾಯಾ, ಅಂದ್ರ ರಾಜನ ಕೆಳಗಿನ ಮಂದಿ. ಈಗ ಶಹರಿ, ದೇಶದ ಪಾಲುದಾರ್ರು. ಮೊದಲ ವೋಟ್ ಅಂದ್ರ ಹೊಲ ಇದ್ದವ್ರಿಗಿ, ಕಲ್ತವ್ರಿಗಿ. ಬ್ಯಾರೆ ದೇಶದಾಗ ಹೆಣ್ಣಮಕ್ಕಳು ಅದಕ್ಕಾಗಿ ಜೇಲಿಗಿ ಹೋಗ್ಯಾರ. ಇಲ್ಲಿ ಇಪ್ಪತ್ತೊಂದು ದಾಟಿದ್ರ ಸಾಕು, ಗೌಡಗೂ ಒಂದ, ನಿಮಗೂ ಒಂದ. ಹೈದರಾಬಾದ್ ಬ್ಯಾರೆ ದೇಶ ಹೌದೋ ಅಲ್ಲೋ ಅನ್ನೋ ಮಾತ ಯುನೋ ಅನ್ನೋ ದುನಿಯಾದ ಪಂಚಾಯ್ತಿ ತನಕ ಹೋಗಿತ್ತಂತ. ಅಲ್ಲಿ ಮಾತ ಮುಗಿಯೋದ್ರಾಗ ಇಲ್ಲಿ ರಾಜ್ಯಾನ ಮುಗೀತು ಅಂದ್ರು. ನಂಗ ಅನಸಿತು, ರಾಜ್ಯ ಹೋದ್ರ ಕೇಳಾಕ ದುನಿಯಾದ ಪಂಚಾಯ್ತಿ ಅದ. ಅಣ್ಣ ಹೋಗಿದ್ದಕ ಊರ ಪಂಚಾಯ್ತಿನೂ ಕೇಳಲಿಲ್ಲ.

ಇಪ್ಪತ್ತೊಂದು ದಾಟಿದವ್ರು ಯಾರ್ಯಾರ ಅಂತ ಕೇಳಿದ್ರು. ವೈನಿ ಒಬ್ರೇ, ನಂಗ ಹದಿನೆಂಟು ಅಂದೆ.

ಬಾಗಲ ಹಿಂದ ನಿಂತಿದ್ದ ವೈನಿ ಅಂದ್ಳು: "ಇಬ್ರು ಅಂತ ಹೇಳು."

ಮಾಸ್ತರ್ ತಲಿ ಎತ್ತಿದ್ರು. ಹೆಸರ ಕೇಳಿದ್ರು. ವೈನಿ ತನ್ನ ಹೆಸರ ಹೇಳಿದಳು, ತಂಗೆಮ್ಮ ಅಂತ. ಖರೇ ಹೇಳ್ತೀನಿ, ಆ ಹೆಸರ ನಾ ಮೊದಲ ಸಲ ಕೇಳಿದ್ದು ಅವತ್ತ. ಇನ್ನೊಂದು ಹೆಸರ ಕೇಳಿದಾಗ ಆಕಿ ನನ್ನ ಮುಖ ನೋಡಿದಳು. ನಾ ಹೇಳ್ದೆ. ಎಲ್ಲಿದ್ದಾರ ಅಂದ್ರು. ಹೊರಗ ಹೋಗ್ಯಾರ ಅಂದ್ಳು ವೈನಿ. ಎಷ್ಟ ದಿನ ಆತು ಅಂದ್ರು. ನಾ ಮೂರ ವರ್ಷ ಅಂದೆ. ಮಾಸ್ತರ್ ಪೆನ್ನ ಕೆಳಗ ಇಟ್ರು. ಲಿಸ್ಟಿನ್ಯಾಗ ಬರೀಬೇಕಂದ್ರ ಆರ ತಿಂಗಳರ ಇಲ್ಲಿ ವಾಸ ಇರಬೇಕು, ಕಾನೂನ ಅದ ಅಂದ್ರು.

ವೈನಿ ಬಾಗಲ ದಾಟಿ ಹೊರಗ ಬಂದಳು. "ಅವರ ಧೋತ್ರ ಇಲ್ಲೇ ಅದ. ಅವರ ಕುಡಗೋಲ ಇಲ್ಲೇ ಅದ. ಅವರ ಹೆಂಡ್ತಿ ಇಲ್ಲೇ ಅದಾಳ. ಮತ್ತ ಎಲ್ಲಿ ವಾಸ ಅಂತ ಬರೀತೀರಿ, ಹೇಳ್ರಿ."

ಮಾಸ್ತರ್ ವಹಿ ಮತ್ತೊಮ್ಮೆ ಒರಸಿದ್ರು. ಛತ್ರಿಯಿಂದ ನೀರ ಸೋರಾಕತ್ತಿತ್ತು. ಆಮ್ಯಾಲ ನನ್ನ ಕಡಿ ನೋಡಿ ಅಂದ್ರು: "ನನ್ನ ತಮ್ಮ ಕರಾಚ್ಯಾಗ ಅದಾನ, ಬೇಟಾ. ಜಿಂದಾ ಅದಾನ, ಕಾಗದ ಬರೀತಾನ. ಒಂದು ತಾರೀಖ ಇಟ್ಟಾರ, ಅದರ ಆಮ್ಯಾಲ ಹೋದಾಂವ ಇಲ್ಲಿಯವ ಅಲ್ಲಂತ. ಅವನ ಹೆಸರ ನಾ ನನ್ನ ಕೈಲೇ ಬಿಟ್ಟು ಬರದೀನಿ." ಹಿಂಗಂದು ಪೆನ್ನ ತಗೊಂಡು ಬರದ್ರು. ಮ್ಯಾಲಿನ ಸಾಲಿನ್ಯಾಗ ಮಲ್ಕಪ್ಪ, ಉಮರ್ ಅಂದ್ರ ವಯಸ್ಸ ಮೂವತ್ತು. ಕೆಳಗಿನ ಸಾಲಿನ್ಯಾಗ ತಂಗೆಮ್ಮ, ಗಂಡ ಮಲ್ಕಪ್ಪ.

ವೈನಿ ಅವರಿಗಿ ಗುಂಡಗಿ ತುಂಬ ಮಜ್ಜಿಗಿ ಕೊಟ್ಟಳು. ಅವತ್ತ ರೊಟ್ಟಿ ಬಡಿಯೋ ಸಪ್ಪಳ ಬ್ಯಾರೆ ಇತ್ತು.

ಮಳಿ ಹೋತು, ಥಂಡಿ ಬಂತು, ತೊಗರಿ ಕಾಯಿ ಒಣಗಿದ್ವು. ಇಲೆಕ್ಷನ್ ಹತ್ರ ಬಂದಾಗ ಕಾಕಾ ಒಬ್ಬ ಉಮೇದವಾರನ ಕಡಿಯಿಂದ ತಿರಗಾಕತ್ತಿದ. ಮನಿಮನಿಗಿ ನಂಬರಿನ ಚೀಟಿ ಹಂಚಿದ. ನಮ್ಮ ಮನಿಗಿ ಎರಡ ಚೀಟಿ. "ಸತ್ತಾಂವಗೂ ಚೀಟಿ ಬಂದದ ನೋಡು" ಅಂತ ನಕ್ಕ. ವೈನಿ ಅವನ ಮುಂದನ ಅಣ್ಣನ ಚೀಟಿ ದೇವರ ಜಗಲಿ ಮ್ಯಾಲ ಇಟ್ಟು ಅರಿಶಿಣ ಕುಂಕುಮ ಹಚ್ಚಿದಳು. ದೇಶದಾಗಿನ ಎಲ್ಲಾರೂ ತಮ್ಮ ಊರಿಗಿ ಬಂದು ವೋಟ್ ಹಾಕ್ತಾರಂತ, ಅವ್ರೂ ಬರ್ತಾರ ಅಂತ ನಂಗ ಹೇಳಿದಳು.

ವೋಟಿನ ದಿನ ವೈನಿ ಮುಂಜಾನೆ ಬಾವಿಗಿ ನೀರಿಗಿ ಹೋಗಿದ್ದಳು. ನಾ ಜಗಲಿ ಮುಂದ ನಿಂತಿದ್ದೆ. ಮೂರ ವರ್ಷ ಅಣ್ಣನ ಹೆಸರ ಯಾರೂ ಕರದಿದ್ದಿಲ್ಲ. ಮನ್ಯಾಗ ವೈನಿ ಹೇಳಂಗಿಲ್ಲ, ಊರವ್ರಿಗಿ ನೆನಪಿಲ್ಲ. ಇವತ್ತ ಸರಕಾರ ಕರಿತದ, ಯಾರರ ಹೂಂ ಅನಬೇಕಲ್ಲ. ಇಷ್ಟ ನನ್ನ ತಲ್ಯಾಗ ಬಂದಿದ್ದು. ಬ್ಯಾರೆ ಏನೂ ಇಲ್ಲ. ಚೀಟಿ ತಗೊಂಡು ಸಾಲಿ ಕಡಿ ಹೋದೆ.

ಸಾಲ್ಯಾಗ ಕಲಬುರ್ಗಿಯಿಂದ ಬಂದ ಕಾರಕೂನ ಕುಂತಿದ್ದ, ನಮ್ಮ ಊರ ಮುಖ ಅವನಿಗಿ ಗೊತ್ತಿಲ್ಲ, ತಲಿ ಎತ್ತಿ ನೋಡೋ ಪುರಸತ್ತೂ ಇಲ್ಲ. ಬಾಜೂ ಬೆಂಚಿನ ಮ್ಯಾಲ ಕಾಕಾ, ಉಮೇದವಾರನ ಕಡಿಯಾಂವ ಅಂತ. ಕಾರಕೂನ ಚೀಟಿ ನೋಡಿ ದೊಡ್ಡ ದನಿಲೇ ಓದಿದ: "ಮಲ್ಕಪ್ಪ, ಉಮರ್ ಮೂವತ್ತು."

"ಹೂಂ ರಿ" ಅಂದೆ.

ಕಾಕಾ ನನ್ನ ನೋಡಿದ. ಬಾಯಾಗಿನ ಎಲಿ ಅಗಿಯೋದು ನಿಂತಿತು. ಆಮ್ಯಾಲ ಮತ್ತ ಅಗದ. ನನ್ನ ವೋಟ್ ತನ್ನ ಉಮೇದವಾರನ ಪೆಟ್ಟಿಗ್ಯಾಗ ಬೀಳ್ತದ ಅನ್ನೋ ಲೆಕ್ಕ ಅವಂದು. ಕಾರಕೂನ ಅಣ್ಣನ ಹೆಸರಿನ ಕೆಳಗ ಒಂದು ಗೆರಿ ಎಳದ. ಎಡಗೈ ಬೆರಳಿಗಿ ಮಸಿ ಹಚ್ಚಿ ಎರಡ ಕಾಗದ ಕೊಟ್ಟ. ಪಡದಾ ಹಿಂದ ಒಬ್ಬೊಬ್ಬ ಉಮೇದವಾರಗ ಒಂದೊಂದು ಕಬ್ಬಿಣ ಪೆಟ್ಟಿಗಿ, ಅದರ ಮ್ಯಾಲ ಒಂದೊಂದು ಚಿತ್ರ. ಯಾರೋ ಒಂದು ಪೆಟ್ಟಿಗಿಗಿ ಹೂವ ಏರಿಸಿದ್ರು. ನಾ ಯಾವುದ್ರಾಗ ಹಾಕ್ದೆ ಅನ್ನೋದು ಇಲ್ಲಿ ಬ್ಯಾಡ. ಕಾಕಾಂದ್ರಾಗ ಅಲ್ಲ.

ಹೊರಗ ಬಂದ ಮ್ಯಾಲ ಹೆದರಿಕಿ ಬಂತು. ಬೆರಳಿಗಿ ಅರಿವಿ ಸುತ್ತಿಗೊಂಡೆ.

ಮಧ್ಯಾಹ್ನ ಬೇವಿನ ಗಿಡದ ಕೆಳಗ ಕುಂತಿದ್ದೆ. ವೈನಿ ಹೆಣ್ಣಮಕ್ಕಳ ಸಾಲಿನಿಂದ ಒಳಗ ಹೋದಳು. ಗಂಡನ ಹೆಸರೇನ ಅಂತ ಕಾರಕೂನ ಕೇಳ್ಯಾನ. ವೈನಿ ಸುಮ್ನ. ಮತ್ತ ಕೇಳ್ಯಾನ. ಹಿಂದಿನ ಹೆಣ್ಣಮಕ್ಕಳು ನಕ್ಕಾರ, ಆಕಿ ಸತ್ರೂ ಹೇಳಂಗಿಲ್ಲ ಬಿಡ್ರಿ ಅಂದಾರ. ಅಂವ ಬ್ಯಾಸತ್ತು ಲಿಸ್ಟಿನ ಮ್ಯಾಲ ಬೆರಳ ಇಟ್ಟು ತಾನ ಓದ್ಯಾನ. ಓದಿದಾಗ ಮ್ಯಾಲಿನ ಸಾಲ ಕಣ್ಣಿಗಿ ಬಿದ್ದದ. ಮಲ್ಕಪ್ಪ ಅಲ್ಲೇನು, ನಿನ್ನ ಗಂಡ ಮುಂಜಾನೆನ ಬಂದು ವೋಟ್ ಹಾಕಿ ಹೋಗ್ಯಾನ, ಇಲ್ಲಿ ಗೆರಿ ನೋಡು ಅಂದು ಆಕಿ ಬೆರಳಿಗೂ ಮಸಿ ಹಚ್ಯಾನ.

ಇದೆಲ್ಲಾ ಆಮ್ಯಾಲ ಗೊತ್ತಾಗಿದ್ದು. ಅವಾಗ ನಾ ನೋಡಿದ್ದು ಇಷ್ಟ: ವೈನಿ ಸಾಲಿ ಬಾಗಲಿನಿಂದ ಓಡಿ ಬಂದಳು. ಸೆರಗ ತಲಿ ಮ್ಯಾಲಿಂದ ಜಾರಿತ್ತು. ನನ್ನ ಮುಂದ ನಿಂತು ಉಸರ ತಗೊಂಡು ಸಣ್ಣ ದನಿಲೇ ಅಂದ್ಳು: "ಹಣಮಂತಾ, ನಿಮ್ಮಣ್ಣ ಬಂದಾರ."

ನಾ ಅವಾಗ ಹೇಳಬೇಕಿತ್ತು. ಬಾಯಿ ತೆರದೆ. ಆಕಿ ಮನಿ ಕಡಿ ಓಡಿದಳು. ನಾ ಹೋಗೋದ್ರಾಗ ಜಗಲಿ ಮುಂದ ಕುಂತಿದ್ದಳು. ಚೀಟಿ ಇಲ್ಲ, ಕುಂಕುಮ ಅಷ್ಟ ಚೆಲ್ಲಿತ್ತು. ನೋಡು, ಮನಿಗಿ ಬಂದಾರ, ನಾ ನೀರಿಗಿ ಹೋದಾಗ ಬಂದು ಚೀಟಿ ತಗೊಂಡು ಹೋಗ್ಯಾರ ಅಂದ್ಳು. ಮುಖ ಯಾಕ ತೋರಸಲಿಲ್ಲ ಅನ್ನೋದಕೂ ಆಕಿನ ಜವಾಬ ಹುಡಕಿದಳು. ಹಿಂದಿನ ಗದ್ದಲದ ಕೇಸ್ ಏನರ ಇರಬೇಕು, ಪೋಲಿಸರ ಹೆದರಿಕಿ ಇರಬೇಕು, ಪೆಟ್ಟಿಗಿ ಜೋಡಿ ಬಂದ ಪೋಲಿಸರು ಊರ ಬಿಟ್ಟ ಮ್ಯಾಲ ಬರ್ತಾರ ಅಂತ.

ಕಾಕಾ ನನ್ನ ಹಿತ್ತಲಿಗಿ ಕರದು ಅಂದ, ಬ್ಯಾರೇದವನ ವೋಟ್ ಹಾಕಿದ್ರ ಜೇಲು, ಬಾಯಿ ಮುಚಗೊಂಡು ಇರು ಅಂತ. ಅಂವ ತನ್ನ ತಲೀನೂ ಉಳಸಿಗೋತಿದ್ದ.

ಎಂಟ ದಿನ. ವೈನಿ ಕೂಲಿ ಬಿಟ್ಟಳು. ಅಣ್ಣನ ಧೋತ್ರ ಒಗದು ಹಗ್ಗದ ಮ್ಯಾಲ ಹಾಕಿದಳು. ದಿನಾ ನಾಕ ರೊಟ್ಟಿ ಹೆಚ್ಚ ಬಡದಳು. ಹುಮನಾಬಾದ ರಸ್ತಾಕ ಹೋಗಿ ಮೋಟಾರ ಬಂದಾಗೊಮ್ಮೆ ಇಳಿಯೋರನ್ನ ನೋಡಿದಳು. ಹೂವ ಮುಡಿದಳು. ಮೂರ ವರ್ಷದಾಗ ನಗದಾಕಿ ಆ ಎಂಟ ದಿನ ನಕ್ಕಳು. ತೊಗರಿ ಕೊಯ್ಯಾಕ ಕೂಲಿಗಿ ನಾ ಒಬ್ಬನ ಹೋಗ್ತಿದ್ದೆ. ಅರಿವಿ ಸುತ್ತಿದ ಬೆರಳಿಗಿ ಏನಾತು ಅಂದವ್ರಿಗಿ ಕುಡಗೋಲ ಬಡದದ ಅಂತಿದ್ದೆ. ಸುತ್ತ ಮಂದಿ ಇರ್ತಿದ್ರು. ಯಾರ ಜೋಡೀನೂ ಆಡೋ ಮಾತ ಅಲ್ಲ ಅದು. ಆಡೋ ಮಾತಿದ್ರ ಅಣ್ಣನ ಮುಂದ ಅಷ್ಟ ಆಡಬಹುದಿತ್ತು.

ಒಂಬತ್ತನೇ ದಿನ ಹೊತ್ತ ಇಳಿಯೋದಕ ಮನಿಗಿ ಬಂದೆ. ವೈನಿ ಕಟ್ಟಿ ಮ್ಯಾಲ ಅರಿಶಿಣ ತೇಯಾಕತ್ತಿದ್ದಳು.

"ಗಾಯ ಇನ್ನ ಒಣಗಿಲ್ಲೇನು? ತೋರಸು, ಅರಿಶಿಣ ಹಚ್ತೀನಿ. ನಿಮ್ಮಣ್ಣ ಬಂದು ನೋಡಿದ್ರ ನನ್ನ ಬೈತಾರ, ಹುಡುಗನ ಹಿಂಗ ನೋಡಿಕೊಂಡೇನು ಅಂತ."

ಕೈ ಹಿಡದಳು. ನಾ ಜಗ್ಗಿಗೊಬಹುದಿತ್ತು. ಗಟ್ಟಿ ಹಿಡದಿದ್ದಿಲ್ಲ ಆಕಿ. ನಾ ಜಗ್ಗಲಿಲ್ಲ.

ಅರಿವಿ ಒಂದೊಂದು ಸುತ್ತ ಬಿಚ್ಚಿದಳು. ಗಾಯ ಇಲ್ಲ. ಉಗುರಿನ ಬುಡದಾಗ ಕರಿ. ತನ್ನ ಬೆರಳ ತಂದು ನನ್ನ ಬೆರಳಿನ ಬಾಜೂಕ ಇಟ್ಟಳು. ಎರಡೂ ಒಂದೇ ಕರಿ.

"ಚೀಟಿ?" ಅಂದ್ಳು.

"ನಾನ ತಗೊಂಡೆ, ವೈನಿ."

ಯಾಕ ಅಂತ ಕೇಳ್ತಾಳ ಅನಕೊಂಡೆ. ಕೇಳಲಿಲ್ಲ. ಬಡಿತಾಳ ಅನಕೊಂಡೆ, ಬಡೀಲಿಲ್ಲ. ತೇಯ್ದ ಅರಿಶಿಣ ಕೈಯಾಗಿತ್ತಲ್ಲ, ಅದನ್ನ ಗಾಯ ಇಲ್ಲದ ಬೆರಳಿಗಿ ಹಚ್ಚಿದಳು. ಅದೇ ಅರಿವಿ ಮತ್ತ ಸುತ್ತಿ ಗಂಟ ಹಾಕಿದಳು. "ಕರಿ ಹೋಗೋ ತನಕ ಬಿಚ್ಚಬ್ಯಾಡ. ಮಂದಿ ನೋಡ್ಯಾರು" ಅಂದ್ಳು. ಆಮ್ಯಾಲ ಎದ್ದು ಹೋಗಿ ಹಗ್ಗದ ಮ್ಯಾಲಿನ ಧೋತ್ರ ತಗದು, ಮಡಚಿ, ಟ್ರಂಕಿನ್ಯಾಗ ಇಟ್ಟಳು.

ಅವತ್ತ ಹೆಚ್ಚಾದ ನಾಕ ರೊಟ್ಟಿ ನಾವಿಬ್ರೂ ತಿನ್ನಲಿಲ್ಲ. ನಾಯಿಗಿ ಹಾಕಿದೆ.

ಬ್ಯಾಸಿಗಿ ಪೂರಾ ಆಕಿ ನನ್ನ ಜೋಡಿ ಮಾತಾಡಲಿಲ್ಲ ಅಂದ್ರೂ ನಡೀತದ. ಸಿಟ್ಟಿದ್ದಿಲ್ಲ. ರೊಟ್ಟಿ ಹಾಕ್ತಿದ್ದಳು, ನೀರ ಕೊಡ್ತಿದ್ದಳು. 'ಅವ್ರು ಇದ್ದಾರ' ಅನ್ನೋ ಮಾತ ಅಷ್ಟ ನಿಂತಿತು. ಕಾಕಾ ಉಡಕಿ ಮಾತ ತೆಗದಾಗ ಸುಮ್ನ ಕೇಳಿಸಿಗೋತಿದ್ದಳು. ನನ್ನ ಬೆರಳಿಂದು ಉಗುರ ಬೆಳದಂಗ ಕರಿ ಮ್ಯಾಲ ಮ್ಯಾಲ ಸರದು, ಒಂದಿನ ಉಗುರ ಕತ್ತರಿಸಿದಾಗ ಹೋತು.

ಮತ್ತ ಮಳಿ ಬಂತು. ಲಿಸ್ಟ್ ತಿದ್ದಾಕ ಖಾದರ್ ಮಾಸ್ತರ್ ಮತ್ತ ಬಂದ್ರು, ಚಾವಡ್ಯಾಗ ಕುಂತ್ರು. ಸೇರಸೋರು, ತೆಗಿಸೋರು ಬರ್ರಿ ಅಂತ ಡಂಗುರ ಹೊಡಸಿದ್ರು. ವೈನಿ ನನ್ನ ಕರದು, ನಡಿ ಚಾವಡಿಗಿ ಅಂದ್ಳು. ಯಾಕ ಅಂದೆ. ನಡಿ ಅಂದ್ಳು.

ಮಾಸ್ತರ್ ಗುರ್ತ ಹಿಡದ್ರು. ಒಂದು ಹೆಸರ ತಗೀಬೇಕು ಅಂದ್ಳು ವೈನಿ. ಯಾರದು ಅಂದ್ರು ಅವ್ರು. ಹಿಂಗ ಕೇಳಿದ ಮ್ಯಾಲ ಹೋದ ವರ್ಷದ್ದು ನೆನಪಾಗಿ ನನ್ನ ಕಡಿ ತಿರುಗಿದ್ರು, ನಾ ಹೇಳ್ತೀನಿ ಅಂತ. ನಾನೂ ಹೇಳಾಕ ಬಾಯಿ ತೆರದೆ. ವೈನಿ ಕೈ ಅಡ್ಡ ಹಿಡದಳು.

"ಮಲ್ಕಪ್ಪ" ಅಂದ್ಳು. "ನನ್ನ ಗಂಡ."

ಚಾವಡ್ಯಾಗ ಕುಂತ ನಾಕ ಮಂದಿ ಆಕಿ ಕಡಿ ತಿರುಗಿದ್ರು. ಆಕಿ ಮತ್ತೊಮ್ಮೆ ಹೇಳಿದಳು, ಮಲ್ಕಪ್ಪ ಅಂತ, ಈ ಸಲ ದೊಡ್ಡ ದನಿಲೇ, ಹೊಲದ ಆಚಿ ದಂಡಿಗಿ ನಿಂತವಗ ಕರದಂಗ. ಇಷ್ಟ ವರ್ಷ ಒಳಗಿಟ್ಟ ಹೆಸರ ಅದು. ನಾ ಚಾವಡಿ ಬಾಗಲ ಕಡಿ ನೋಡಿದೆ. ಮಳಿ ಬೀಳಾಕತ್ತಿತ್ತು, ಯಾರೂ ಇದ್ದಿಲ್ಲ.

ಮಾಸ್ತರ್ ಕಾರಣ ಕೇಳಲಿಲ್ಲ. ಕಾರಣದ ಜಾಗಾದಾಗ ತಾವ ಬರದ್ರು. ಅಣ್ಣನ ಹೆಸರಿನ ಮ್ಯಾಲ ಕೆಂಪ ಮಸಿಲೇ ಒಂದು ಗೆರಿ ಎಳದ್ರು. ವೈನಿ ಹೆಬ್ಬಟ್ಟ ಒತ್ತಿದಳು. ಮನಿಗಿ ಬರೋ ಹಾದ್ಯಾಗ ಬಳಿ ಒಡಕೊಂಡಳು, ರಸ್ತಾ ಬಾಜೂ ಕಲ್ಲಿಗಿ ಬಡದು, ತಾನ. ಅಳಲಿಲ್ಲ. ನಾ ಅತ್ತೆ.

ಅದ ವರ್ಷ ದೀಪಾವಳಿ ದಾಟಿದ ಮ್ಯಾಲ ಚಿಂಚೋಳಿ ಕಡಿಯಾಂವನ ಜೋಡಿ ಆಕಿಗಿ ಉಡಕಿ ಆತು. ಒಳ್ಳೇ ಮನಷಾ ಅಂದ್ರು. ಟ್ರಂಕ ನಾನ ಹೊತ್ತು ಮೋಟಾರ ತನಕ ಹೋದೆ. ಹಗೂರ ಇತ್ತು. ಧೋತ್ರ, ಕುಡಗೋಲ ಆ ಮನ್ಯಾಗನ ಬಿಟ್ಟಿದ್ದಳು. ಮೋಟಾರ ಹತ್ತಿ ಕುಂತು, ಉಣ್ಣೋದು ಬಿಡಬ್ಯಾಡ ಅಂದ್ಳು. ಮನಿಗಿ ಬಂದು ನೋಡಿದ್ರ ಒಲಿ ಥಣ್ಣಗ. ಎರಡ ತಿಂಗಳ ತಡದೆ. ಆಮ್ಯಾಲ ಕೀಲಿ ಹಾಕಿ ಕಲಬುರ್ಗಿಗಿ ಬಂದೆ.

ಈಗ ಹೈದರಾಬಾದ್ ಸ್ಟೇಟೂ ಒಡೀತಾರಂತ, ನಮ್ಮನ್ನ ಮೈಸೂರ ಕಡಿ ಹಚ್ತಾರಂತ. ಗಂಜಿನ್ಯಾಗ ಮಂದಿ ಅದನ್ನ ಮಾತಾಡಾಕತ್ತಾರ. ಹಚ್ಚಲಿ. ಚೀಲದ ಭಾರ ಅಷ್ಟ ಇರ್ತದ.

ಬ್ರಹ್ಮಪುರಕ್ಕ ವಹಿ ಹಿಡಕೊಂಡು ಬಂದ ಆ ಹುಡುಗಗ ಕಡೀಕ ಹೇಳಿದೆ, ಒಬ್ಬನ ಅದೀನಿ ಅಂತ. ಹಣಮಂತ, ಇಪ್ಪತ್ಮೂರು. ಅಂವ ಬರಕೊಂಡು, ಬಾಗಲ ಚೌಕಟ್ಟಿಗಿ ಬಿಳಿ ಖಡುನಿಂದ ನಂಬರ ಹಾಕಿ, ಬಾಜೂ ಮನಿಗಿ ಹೋದ. ಅಲ್ಲಿ ಒಬ್ಬ ಹೆಣ್ಣಮಗಳಿಗಿ ಗಂಡನ ಹೆಸರ ಕೇಳಾಕತ್ತಿದ. ಆಕಿ ನಗಾಕತ್ತಿದ್ದಳು, ಹೇಳವಲ್ಲಳು.

ಚಿಂಚೋಳಿ ಕಡಿನೂ ಈಗ ಯಾರೋ ವಹಿ ಹಿಡಕೊಂಡು ವೈನಿ ಬಾಗಲಿಗಿ ಹೋಗಿರಬೇಕು. ಗಂಡನ ಹೆಸರೇನ ಅಂತ ಕೇಳಿರಬೇಕು. ಆಕಿ ಬಾಜೂಕ ಇದ್ದವರ ಮುಖ ನೋಡ್ತಾಳ, ಬಾಯಿ ಬಿಡಂಗಿಲ್ಲ. ಬಿಡಬಾರದು. ಆ ಮನಷಾ ನೂರ ವರ್ಷ ಬದಕಲಿ. ಆಕಿ ಬಾಯಿಂದ ಬಂದಿದ್ದು ಒಂದ ಹೆಸರ, ನಮ್ಮಣ್ಣಂದು.